ಕನ್ನಡಿ ಇಲ್ಲದ ಬೆಳಕು

ಪರದೆಯ ಮೇಲೆ ಮತ್ತೆ ಗುಡ್ಡವೇ ಬಂತು.

ಬರಬೇಕಾಗಿದ್ದುದು ಮುಳ್ಳು. ಚೂಪಾದ ನಾಲ್ಕಾರು ಮುಳ್ಳುಗಳು ನಕ್ಷೆಯಲ್ಲಿ ಎದ್ದು ನಿಂತರೆ ಗಾಜಿನ ಎಳೆಯೊಳಗೆ ಲೇಸರ್ ಹುಟ್ಟಿತೆಂದು ಲೆಕ್ಕ. ದುಂಡನೆಯ ಗುಡ್ಡ ಎದ್ದರೆ ಒಳಗಿನ ಬಣ್ಣ ಸುಮ್ಮನೆ ಹೊಳೆಯಿತು, ಅಷ್ಟೇ. ಬಣ್ಣ ನೋಡುವುದೇ ಆಗಿದ್ದರೆ ಡಾ. ಚನ್ನಬಸಪ್ಪ ಹೂಗಾರರು ಹೋಳಿಹುಣ್ಣಿಮೆಯ ದಿನ ಧಾರವಾಡದ ಯಾವ ಓಣಿಯಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಅದಕ್ಕಾಗಿ ಊರ ಹೊರಗೆ ಇಷ್ಟು ದೊಡ್ಡ ಪ್ರಯೋಗಾಲಯದಲ್ಲಿ ಕೂತು ಕಣ್ಣು ಕೆಡಿಸಿಕೊಳ್ಳಬೇಕಿರಲಿಲ್ಲ.

“ಮತ್ತೊಂದ್ಸಲ,” ಎಂದರು.

ತಂತ್ರಜ್ಞ ಮಾಬೂಸಾಬ ನದಾಫ ಗುಂಡಿ ಒತ್ತಿದ. ಹಸಿರು ಬೆಳಕಿನ ಒಂದು ಹೊಡೆತ ಎಳೆಯನ್ನು ಹೊಕ್ಕಿತು. ಗುಡ್ಡ.

“ಮತ್ತೊಂದ್ಸಲ.”

ಗುಡ್ಡ.

“ತಗದ ಒಗೀ ಅದನ್ನ!” ಎಂದು ಹೂಗಾರರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಮೂಲೆಯಲ್ಲಿ ಎಳೆಗೆ ದ್ರಾವಣ ತುಂಬುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಭಾಗೀರಥಿ ತಳವಾರ ತಲೆ ಇನ್ನಷ್ಟು ಕೆಳಗೆ ಹಾಕಿದಳು.

ಹೂಗಾರರ ಕನಸು ಕೇಳುವುದಕ್ಕೆ ಸರಳವಾಗಿತ್ತು. ಲೇಸರ್ ಎಂದರೆ ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿ ಬಂದು, ಹೋಗಿ ಬಂದು ಕೊಬ್ಬುವುದು. ಆ ಕನ್ನಡಿಗಳೇ ಇಲ್ಲದಿದ್ದರೆ? ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ, ಅದರ ನಡುವೆ ಉದ್ದಕ್ಕೂ ಒಂದು ತೂತು. ತೂತಿನ ತುಂಬ ಸ್ಪಿರಿಟ್ಟಿನಲ್ಲಿ ಕರಗಿಸಿದ ಗುಲಾಬಿ ಬಣ್ಣ, ಆ ಬಣ್ಣದಲ್ಲಿ ಕಣ್ಣಿಗೆ ಕಾಣದ ಚಿನ್ನದ ಕಣಗಳು. ಒಳಗೆ ಹೊಕ್ಕ ಬೆಳಕು ಹಬ್ಬದ ಮುಂದಿನ ದಿನ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಕೊಂಡವನ ಹಾಗೆ ಒಂದು ಕಣಕ್ಕೆ ಡಿಕ್ಕಿ ಹೊಡೆದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೀಳುತ್ತದೆ. ಪ್ರತಿ ಓಡಾಟದಲ್ಲೂ ಬಣ್ಣದಿಂದ ಬಲ ಪಡೆಯುತ್ತದೆ. ಕೊನೆಗೆ ಕನ್ನಡಿಯ ಹಂಗಿಲ್ಲದೆ ಲೇಸರಾಗಿ ಹೊರಬರುತ್ತದೆ.

ಇದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಅವರು ಶಸ್ತ್ರಚಿಕಿತ್ಸೆಯ ಮೇಜು ತೋರಿಸುತ್ತಿದ್ದರು. ಮಾಮೂಲಿ ಲೇಸರ್ ಬೆಳಕು ಮಾಂಸದ ಮೇಲೆ ಬಿದ್ದರೆ ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ. ಸೂಕ್ಷ್ಮವಾದ ನರ ಆ ಕಾಳುಗಳ ನಡುವೆ ಮುಚ್ಚಿಹೋಗುತ್ತದೆ. ಕನ್ನಡಿ ಇಲ್ಲದ ಈ ಬೆಳಕಿನಲ್ಲಿ ಕಾಳಿಲ್ಲ. ಅದರ ಕೆಳಗೆ ನರ ಬೆಳ್ಳಗೆ, ಮಾಂಸ ಕೆಂಪಗೆ, ಬೇರೆ ಬೇರೆಯಾಗಿ ಕಾಣುತ್ತವೆ.

ಒಂದೇ ಒಂದು ಸಲ ಆ ಬೆಳಕು ಹುಟ್ಟಿತ್ತು. ಹೋದ ವರ್ಷ ದಸರಾ ರಜೆ ಮುಗಿಸಿ ಬಂದ ಮೊದಲ ದಿನ ತುಂಬಿದ ಎಳೆ ಜಾಲಿ ಗಿಡದ ಹಾಗೆ ಮುಳ್ಳು ಎಬ್ಬಿಸಿತ್ತು. ಮಾಬೂಸಾಬ ಅದಕ್ಕೆ ‘ರಾಣಿ’ ಎಂದು ಹೆಸರಿಟ್ಟ. ಪ್ರಬಂಧ ಪ್ರಕಟವಾಯಿತು, ಹೂಗಾರರು ಊರೂರು ತಿರುಗಿ ಭಾಷಣ ಮಾಡಿದರು. ಆಮೇಲೆ ಹೊಸ ಹೊಸ ಸೀಸೆಯಿಂದ ತುಂಬಿದ ಒಂದು ಎಳೆಯೂ ರಾಣಿಯಾಗಲಿಲ್ಲ. ಎಲ್ಲದರಲ್ಲೂ ಚಿನ್ನದ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತಿದ್ದವು. ಬಿಡಿ ಕಣವಾಗಿದ್ದಾಗ ಕೆಂಪಗೆ ಕಾಣುವ ಚಿನ್ನ ನೀಲಿಗೆ ತಿರುಗುತ್ತಿತ್ತು. ನೀರು ಬದಲಿಸಿದರು, ಸ್ಪಿರಿಟ್ ಬದಲಿಸಿದರು, ಕಣದ ಗಾತ್ರ ಬದಲಿಸಿದರು, ಕೋಣೆಯ ತಂಪು ಬದಲಿಸಿದರು. ಬದಲಾಗದೆ ಉಳಿದದ್ದು ಗುಡ್ಡ ಮತ್ತು ಹೂಗಾರರ ಸಿಟ್ಟು.

ಸಿಟ್ಟಿನ ವಿಷಯ ಇಲ್ಲೇ ಹೇಳಿಬಿಡಬೇಕು. ಹೂಗಾರರದು ತಲೆತಲಾಂತರದಿಂದ ಗುಡಿಗೆ ಹೂವು, ಪತ್ರಿ ಕೊಟ್ಟ ಮನೆತನ. ಅಷ್ಟು ಹತ್ತಿರದಿಂದ ಗುಡಿ ನೋಡಿದ್ದಕ್ಕೋ ಏನೋ, ಅವರಿಗೆ ಪೂಜೆ ಎಂದರೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. “ನನ್ನ ಲ್ಯಾಬಿನ್ಯಾಗ ದೇವರೂ ಬ್ಯಾಡ, ದೆವ್ವಾನೂ ಬ್ಯಾಡ” ಎನ್ನುವುದು ಅಲ್ಲಿನ ಕಾನೂನು. ಹಿಂದೊಮ್ಮೆ ಹೊಸ ಯಂತ್ರದ ಮುಂದೆ ಕಾಯಿ ಒಡೆದ ವಿದ್ಯಾರ್ಥಿಯೊಬ್ಬನನ್ನು ಅವರು ಅದೇ ವಾರ ಬೇರೆ ಮಾರ್ಗದರ್ಶಕರ ಹತ್ತಿರ ಓಡಿಸಿದ್ದರು. ಅಂದಿನಿಂದ ಆ ಲ್ಯಾಬಿನಲ್ಲಿ ಕಾಯಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಯಾವ ಮಾತನ್ನೂ ಹೆಚ್ಚಾಗಿ ಎತ್ತುತ್ತಿರಲಿಲ್ಲ.

*

“ಏನ್ರೀ, ಹಾಲು ತಂದ್ರೇನು?”

ಹೂಗಾರರ ಹೆಂಡತಿ ಇಂದುಮತಿ ಅಕ್ಕೋರ ದನಿ ಅಡುಗೆಮನೆಯಿಂದ ಹೊರಟು, ಪಡಸಾಲೆ ದಾಟಿ, ಎದುರು ಮನೆಯ ಕಾಂಪೌಂಡಿಗೆ ತಾಗಿತು. ಸರಕಾರಿ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ ಪಳಗಿದ ದನಿ. ಅವರು ಹದಿಮೂರರ ಮಗ್ಗಿ ಹೇಳಿಸುವಾಗ ಶಾಲೆಯ ಹೊರಗೆ ಕಾಯಿಪಲ್ಲೆ ಮಾರುವವಳೂ ಜೊತೆಗೆ ಹೇಳುತ್ತಿದ್ದಳು.

ಹೂಗಾರರು ಪೇಪರಿನಿಂದ ಮುಖ ಎತ್ತದೆ, “ಏನಂದಿ?” ಎಂದರು.

ಇದು ಅವರ ಹಳೆಯ ಆಟ. ಕೇಳಿಸಿರುತ್ತಿತ್ತು. ಆ ದನಿ ಕೇಳಿಸದವರು ಆ ಓಣಿಯಲ್ಲೇ ಇರಲಿಲ್ಲ. ಆದರೂ ಮೊದಲ ಸಲಕ್ಕೆ ಉತ್ತರ ಕೊಟ್ಟರೆ ತಮ್ಮ ದೊಡ್ಡಸ್ತಿಕೆ ಕಮ್ಮಿಯಾದೀತು ಎಂಬ ಹಟ.

“ಒಮ್ಮೆ ಹೇಳಿದ್ದು ಕೇಳಾಂಗೇ ಇಲ್ಲ ಈ ಮನುಷ್ಯಾಗ! ಹಾ...ಲು!” ಎಂದರು ಅಕ್ಕೋರು. ಕೊನೆಯ ಅಕ್ಷರ ಸ್ವಲ್ಪ ಒಡೆಯಿತು. ಅವರು ಕೆಮ್ಮಿ ಸರಿಮಾಡಿಕೊಂಡರು.

ಹೂಗಾರರ ಕೈಯಲ್ಲಿ ಪೇಪರ್ ನಿಂತೇ ಇತ್ತು, ಓದು ನಿಂತುಹೋಯಿತು.

ಅಕ್ಕೋರ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ತೆಗೆಯಲೇಬೇಕಾದ ಗಡ್ಡೆ. ಅದು ಬೆಳೆದ ಜಾಗ ಮಾತ್ರ ಕೆಟ್ಟದ್ದಾಗಿತ್ತು. ದನಿ ಆಡಿಸುವ ಸಣ್ಣ ನರವನ್ನು ಸುತ್ತಿಕೊಂಡು ಕೂತಿತ್ತು. ಶಸ್ತ್ರವೈದ್ಯೆ ಡಾ. ಪ್ರಮೋದಿನಿ ದೇಸಾಯಿ ಮುಚ್ಚುಮರೆ ಇಲ್ಲದೆ ಹೇಳಿದ್ದರು: “ಸರ್, ನರ ಕಂಡ್ರ ಉಳಸ್ತೀನಿ. ಗಡ್ಡಿಯೊಳಗ ಕಲತು ಹೋಗಿದ್ರ, ಮಾಮೂಲಿ ಬೆಳಕಿನ್ಯಾಗ ಕಾಣೂದಿಲ್ಲ. ಆಗ ದನಿ ಉಳದೀತು ಅಂತ ಮಾತು ಕೊಡಾಕ ಬರಂಗಿಲ್ಲ. ನಿಮ್ಮ ಎಳಿ ಒಂದು ಮೊಳ ಕೊಡ್ರಿ, ಅದರ ಬೆಳಕಿನ್ಯಾಗ ಮಾಡೂಣು. ನಮ್ಮ ಆಸ್ಪತ್ರಿ ಸಮಿತಿ ಒಪ್ಪಿಗಿ ಕೊಟ್ಟೈತಿ. ಆದ್ರ ದಸರಾ ದಾಟಿಸಾಕ ಆಗೂದಿಲ್ಲ.”

ಒಂದು ಮೊಳ. ರಾಣಿಯನ್ನು ಪರೀಕ್ಷೆಗೆಂದು ಕತ್ತರಿಸಿ ಕತ್ತರಿಸಿ ಈಗ ಉಳಿದದ್ದು ಕಿರುಬೆರಳಿನಷ್ಟು.

“ಆಗ್ತದೋ ಇಲ್ಲೋ ಒಂದು ಹೇಳಿಬಿಡ್ರಿ,” ಎಂದು ಅಕ್ಕೋರು ಆ ಸಂಜೆ ಚಹಾ ಕೊಡುತ್ತ ಕೇಳಿದರು. “ಆಗದಿದ್ರ ಸಾಲ್ಯಾಗಿನ ಹುಡುಗೂರಿಗೆ ಮಗ್ಗಿ ಮುಗಿಸಿ ಹೋಗ್ತೀನಿ. ಆಮ್ಯಾಲ ಯಾರ ಹೇಳಸ್ತಾರ ಅವಕ್ಕ?”

“ಆಗ್ತದ,” ಎಂದರು ಹೂಗಾರರು. ಹೇಗೆ ಎನ್ನುವುದು ಅವರಿಗೇ ಗೊತ್ತಿರಲಿಲ್ಲ. ಚಹಾ ಸಪ್ಪಗಿದೆ ಎಂದು ಸುಮ್ಮಸುಮ್ಮನೆ ರೇಗಿದರು.

*

ಕೊನೆಗೆ ಅವರು ರಾಣಿಯನ್ನು ಒಡೆಯಲು ನಿರ್ಧರಿಸಿದರು. ಒಡೆದರೆ ಮತ್ತೆ ಜೋಡಿಸಲು ಬರುವುದಿಲ್ಲ. ಪ್ರಬಂಧಕ್ಕೆ, ಭಾಷಣಕ್ಕೆ, ಮಾನಕ್ಕೆ ಇದ್ದ ಒಂದೇ ಸಾಕ್ಷಿ ಅದು. ಆದರೆ ಒಳಗೆ ಏನಿದೆ ಎಂದು ನೋಡದೆ ಬೇರೆ ದಾರಿ ಉಳಿದಿರಲಿಲ್ಲ. ಮಾಬೂಸಾಬ ಆ ಕಿರುಬೆರಳಿನಷ್ಟು ಎಳೆಯ ಎರಡೂ ತುದಿ ಕತ್ತರಿಸಿ, ಒಳಗಿದ್ದ ಹನಿಯನ್ನು ಊದಿ ಹೊರಗೆ ತೆಗೆದ. ಕತ್ತರಿಸುವ ಮೊದಲು ಅವನು ಎರಡು ಸಲ ಕತ್ತರಿ ಕೆಳಗಿಟ್ಟದ್ದು ಹೂಗಾರರಿಗೆ ಕಂಡಿತು. ರಾಣಿಯ ಮೇಲಿನ ಪ್ರೀತಿಗೆ ಇರಬೇಕೆಂದುಕೊಂಡರು.

ರಸಾಯನಶಾಸ್ತ್ರ ವಿಭಾಗದ ಯಂತ್ರ ಹನಿಯನ್ನು ಜಾಲಾಡಿ ವರದಿ ಕೊಟ್ಟಿತು. ಚಿನ್ನ ಇತ್ತು, ಗಂಟುಕಟ್ಟದೆ ಬಿಡಿಬಿಡಿಯಾಗಿತ್ತು. ಗುಲಾಬಿ ಬಣ್ಣ ಇತ್ತು, ಸ್ಪಿರಿಟ್ ಇತ್ತು. ಇವುಗಳ ಜೊತೆಗೆ ಯಾರೂ ಕರೆಯದೆ ಬಂದ ಇನ್ನೊಂದು ವಸ್ತು ಇತ್ತು. ಹಳದಿ ಬಣ್ಣದ್ದು. ಹೆಸರು ಹಿಡಿಯುವಷ್ಟು ಸಿಗಲಿಲ್ಲ. ಇಷ್ಟು ಮಾತ್ರ ಖಾತ್ರಿ: ಅದು ಒಂದೊಂದು ಚಿನ್ನದ ಕಣದ ಸುತ್ತಲೂ ತೆಳ್ಳಗೆ ಹೊದ್ದುಕೊಂಡಿತ್ತು. ಹೊದಿಕೆ ಇದ್ದ ಕಣ ಇನ್ನೊಂದಕ್ಕೆ ಅಂಟುವುದಿಲ್ಲ.

ಹೂಗಾರರು ವರದಿಯನ್ನು ಮೇಜಿನ ಮೇಲೆ ಬಡಿದರು.

“ಹಳದಿದು ಏನು ಹಾಕಿದ್ರಿ?”

ಭಾಗೀರಥಿ ಮಾಬೂಸಾಬನ ಕಡೆ ನೋಡಿದಳು.

“ಭಾಗೀರಥಿ, ತುಂಬಿದಾಕಿ ನೀನು. ಏನು ಬಿತ್ತು ಅದರಾಗ?”

“ಏನೂ ಇಲ್ಲ ಸರ್. ನೀವು ಹೇಳಿದ್ದಷ್ಟs ಹಾಕೀನಿ ಸರ್.”

“ಹಂಗಾದ್ರ ಹಳದಿ ಎಲ್ಲಿಂದ ಬಂತು? ಮುಗಿಲಿನಿಂದ ಬಿತ್ತೇನು? ಮಾಬೂಸಾಬ!”

“ನನಗ ನೆನಪಿಲ್ಲ ಸರ್,” ಎಂದ ಮಾಬೂಸಾಬ. ಪ್ರತಿ ಸ್ಕ್ರೂ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ ನೆಲ ನೋಡುತ್ತ ನಿಂತಿದ್ದ.

ಹೂಗಾರರು ಕೂಗಾಡಿದರು. ಒಂದು ವರ್ಷದಿಂದ ಅನ್ನ ನಿದ್ದೆ ಬಿಟ್ಟಿದ್ದೇನೆ ಎಂದರು, ನಿಮಗೆ ವಿಜ್ಞಾನ ಬೇಡವಾದರೆ ಚುರುಮುರಿ ಅಂಗಡಿ ಹಾಕಿರಿ ಎಂದರು, ಮನೆಯಲ್ಲಿ ಹೆಂಡತಿಯ ಗಂಟಲು ಹೋಗುತ್ತಿದೆ ಎಂದು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಭಾಗೀರಥಿ ದುಪಟ್ಟಾ ಬಾಯಿಗೆ ಹಿಡಿದು ಹೊರಗೆ ಓಡಿದಳು. ಅವಳು ಮರಳಿ ಬರಲಿಲ್ಲ. ಹೂಗಾರರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

*

ಅಂದು ಅವರು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಅಕ್ಕೋರು ಒಲೆ ಆರಿಸಿ ಅಡುಗೆಮನೆಯ ಕಟ್ಟೆಗೆ ಆತು ನಿಂತಿದ್ದರು. “ಹಾಲು ತಂದ್ರೇನು” ಎಂದು ಕೇಳಲಿಲ್ಲ. ಆ ಮನೆಯಲ್ಲಿ ಅಂಥ ಮೌನ ಹೂಗಾರರು ಕೇಳಿರಲಿಲ್ಲ. ದಸರಾ ಆದಮೇಲೆ ಹೀಗೇ ಇದ್ದೀತು ಎಂದು ಅವರಿಗೆ ಹೊಳೆಯಿತು.

“ಭಾಗೀರಥಿ ಫೋನ್ ಮಾಡಿದ್ಲು,” ಎಂದರು ಅಕ್ಕೋರು. “ಅಳಾಕತ್ತಿದ್ಲು.”

“ಅಳಲಿ. ಸುಳ್ಳು ಹೇಳತಾಳ.”

“ಹೇಳಲಾರದ ಏನ್ಮಾಡ್ಯಾಳು? ಖರೇ ಹೇಳಿದ್ರ ನೀವು ಓಡಸ್ತೀರಿ.” ಅಕ್ಕೋರು ಸೆರಗಿನಿಂದ ಕೈ ಒರೆಸಿಕೊಂಡರು. “ಕುಂದರ್ರಿ. ನಾ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ್ರಿ. ನನ್ನ ಗಂಟಲ ಇರೂತನಕ ನಾ ಹೇಳೂದು, ನೀವು ಕೇಳೂದು.”

ಹೂಗಾರರು ಕೂತರು.

“ಹೋದ ಖಂಡೇನವಮಿಗೆ ನೀವು ಬ್ಯಾರೆ ಯಾವುದೋ ಭಾಷಣಕ್ಕಂತ ಪರ ಊರಿಗೆ ಹೋಗಿದ್ರಿ ನೋಡ್ರಿ, ಅವತ್ತು ಅವರು ನಿಮ್ಮ ಲ್ಯಾಬಿನ್ಯಾಗ ಖಂಡೇಪೂಜಿ ಮಾಡ್ಯಾರ. ಊರಾಗ ಗ್ಯಾರೇಜಿನವರು ಪಾನಾ ಪೂಜಿ ಮಾಡ್ತಾರ, ಡ್ರೈವರಗೋಳು ಬಸ್ಸಿಗೆ ಮಾಲಿ ಹಾಕ್ತಾರ. ತಾವು ದಿನಾ ಮುಟ್ಟೂ ಯಂತ್ರಕ್ಕ ಒಂದು ಬೊಟ್ಟು ಹಚ್ಚಲಿಲ್ಲ ಅಂದ್ರ ಅವರಿಗೆ ಜೀವ ತಡೀಬೇಕಲ್ಲ? ಮಾಬೂಸಾಬ ಕಾಯಿ ಒಡದಾನ. ಭಾಗೀರಥಿ ಎಲ್ಲಾದಕ್ಕೂ ಅರಿಶಿಣ ಹಚ್ಚ್ಯಾಳ. ಎಲ್ಲಾದಕ್ಕೂ ಅಂದ್ರ, ಆ ಚಿನ್ನದ ಸೀಸೆ ಬಾಯಿಗೂ.”

ಹೂಗಾರರು ಬಾಯಿ ತೆರೆದರು.

“ಬಾಯಿ ಹಾಕಬ್ಯಾಡ್ರಿ ಅಂದೆ. ನೀವು ಬರೂದ್ರಾಗ ಒದ್ದಿ ಬಟ್ಟೀಲೆ ಒರಸ್ಯಾರ. ಆದ್ರ ಒದ್ದಿ ಬಟ್ಟಿಗೆ ಅರಿಶಿಣ ಹೋಗ್ತದೇನು? ನಿಮ್ಮ ಬಿಳಿ ಅಂಗೀದು ಹೋಗೇತೇನು?”

“ಅರಿಶಿಣ ಎಲ್ಲಿಂದ ತಂದ್ರು ಅವರು?” ಎಂದು ಹೂಗಾರರು ಕೇಳಿದರು. ಯಾಕೆ ಅದನ್ನೇ ಕೇಳಿದರೋ ಅವರಿಗೇ ತಿಳಿಯಲಿಲ್ಲ.

ಅಕ್ಕೋರು ಗೋಡೆಯ ಮಾಡದಿಂದ ಒಂದು ಹಿತ್ತಾಳೆಯ ಡಬ್ಬಿ ತೆಗೆದು ಅವರ ಮುಂದೆ ಇಟ್ಟರು. “ನಾನs ಕೊಟ್ಟಿದ್ದೆ. ಎಂಟು ದಿನ ಬಿಟ್ಟು ಡಬ್ಬಿ ವಾಪಸ್ ತಂದುಕೊಟ್ಲು ಹುಡುಗಿ. ಪ್ರಸಾದದ ಉಂಡೀನೂ ಕೊಟ್ಲು. ನೀವೂ ತಿಂದೀರಿ ಅದನ್ನ. ಸಕ್ಕರಿ ಕಮ್ಮಿ ಆಗೇತಿ ಅಂದಿದ್ರಿ.”

ಹೂಗಾರರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. “ಮತ್ತ ಒಂದು ವರ್ಷ ನೀವೆಲ್ಲಾರೂ ಬಾಯಿ ಮುಚ್ಚಿಕೊಂಡು ಕುಂತ್ರಿ? ನಾ ಹುಚ್ಚನಂಗ ನೀರು ಬದಲಿ ಮಾಡಿದೆ, ಸ್ಪಿರಿಟ್ ಬದಲಿ ಮಾಡಿದೆ...”

“ಅರಿಶಿಣಕ್ಕೂ ನಿಮ್ಮ ಬೆಳಕಿಗೂ ಸಂಬಂಧ ಐತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಪೂಜಿ ಮಾಡಿದ್ರು, ದೇವರು ಕೈ ಹಿಡದ ಅಂತ ಅವರು ತಿಳದಾರ. ಶ್ರಾವಣದಾಗ ನೀವು ಊಟಕ್ಕ ಹೋದಾಗ ಮತ್ತೊಮ್ಮೆ ಮಾಡ್ಯಾರಂತ. ಈ ಸಲ ನಿಮಗ ಗುರುತು ಸಿಗಬಾರದು ಅಂತ ಸ್ಪಿರಿಟ್ ಹಚ್ಚಿ ತಿಕ್ಕಿ ತಿಕ್ಕಿ ಒರಸ್ಯಾರ, ಅರಿಶಿಣ ಪೂರಾ ಹೋಗೇತಿ.” ಅಕ್ಕೋರ ದನಿ ಒಡೆಯಿತು. ಅವರು ತಡೆದು, ಗಂಟಲು ಒತ್ತಿ ಹಿಡಿದು, ಮೆಲ್ಲಗೆ ಮುಗಿಸಿದರು. “ಅವರಿಗೆ ದೇವರ ಅಂಜಿಕಿ ಇರಲಿಲ್ರಿ. ನಿಮ್ಮ ಅಂಜಿಕಿ ಇತ್ತು.”

ಆ ಮಾತು ಹೂಗಾರರಿಗೆ ನಾಟಿತು. ಜಗತ್ತಿನಲ್ಲಿ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎಂದು ಅವರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಉಪದೇಶ ಮಾಡುತ್ತಿದ್ದರು. ಅವರ ಕೋಣೆಯೊಳಗೆ ಮಾತ್ರ ಯಾರೂ ಏನನ್ನೂ ಹೇಳಲು ಧೈರ್ಯ ಮಾಡುತ್ತಿರಲಿಲ್ಲ. ಒಂದು ಬೊಟ್ಟು ಅರಿಶಿಣದ ಸುದ್ದಿ ಅವರ ಮೇಜಿನವರೆಗೆ ಬರಲು ಒಂದು ವರ್ಷ ಹಿಡಿದಿತ್ತು, ಅದೂ ಅವರ ಹೆಂಡತಿಯ ಒಡೆದ ಗಂಟಲಿನಿಂದ. ಅವರಿಗೆ ಸಿಟ್ಟು ಬಂತು. ಅದನ್ನು ಯಾರ ಮೇಲೆ ಹಾಕಬೇಕೆಂದು ಸುತ್ತ ನೋಡಿದರೆ ಅಲ್ಲಿ ತಾವೊಬ್ಬರೇ ಇದ್ದರು.

*

ಮರುದಿನ ಡಬ್ಬಿ ಹಿಡಿದು ಲ್ಯಾಬಿಗೆ ಬಂದ ಹೂಗಾರರನ್ನು ಕಂಡು ಮಾಬೂಸಾಬ ಎದ್ದು ನಿಂತ. ಭಾಗೀರಥಿ ಚೀಲಕ್ಕೆ ತನ್ನ ಸಾಮಾನು ತುಂಬುತ್ತಿದ್ದಳು.

“ಚೀಲ ಕೆಳಗ ಇಡವಾ,” ಎಂದರು ಹೂಗಾರರು. “ಹೋದ ವರ್ಷ ಏನೇನು ಮಾಡಿದ್ರಿ, ಎಲ್ಲಾ ಮಾಡ್ರಿ. ಒಂದೂ ಬಿಡಬ್ಯಾಡ್ರಿ.”

“ಸರ್, ಅರಿಶಿಣ ಅಷ್ಟs ಸಾಕಲ್ರಿ...”

“ಅರಿಶಿಣಾನs ಅಂತ ನಿನಗ ಹೆಂಗ ಗೊತ್ತು? ಊದಿನಕಡ್ಡಿ ಹೊಗಿ ಇರಬಹುದು, ಕಾಯಿ ನೀರು ಇರಬಹುದು. ಮೊದಲು ಎಲ್ಲಾ ಕೂಡಿಸಿ ಮಾಡೂದು, ಆಮ್ಯಾಲ ಒಂದೊಂದs ತಗೀತಾ ಹೋಗೂದು. ಇದು ಪ್ರಯೋಗ.”

ಹೀಗೆ ಹೂಗಾರರ ಪ್ರಯೋಗಾಲಯದಲ್ಲಿ, ಹೂಗಾರರ ಕಣ್ಣೆದುರಿಗೇ ಪೂಜೆ ನಡೆಯಿತು. ಭಾಗೀರಥಿ ಸೀಸೆಯ ಬಾಯಿಗೆ ಅರಿಶಿಣ ಹಚ್ಚಿದಳು. ಮಾಬೂಸಾಬ ಊದಿನಕಡ್ಡಿ ಹಚ್ಚಿ, ಕಾಯಿ ಒಡೆಯುವ ಮೊದಲು ಒಮ್ಮೆ ಸರ್ ಮುಖ ನೋಡಿದ. “ಒಡೀ ಮಾರಾಯಾ, ಹೋದ ವರ್ಷ ಒಡದಂಗ ಒಡೀ,” ಎಂದರು ಹೂಗಾರರು ಹಲ್ಲು ಕಚ್ಚಿಕೊಂಡು. ಒದ್ದೆ ಬಟ್ಟೆಯಿಂದ ಒರೆಸಿದರು. ಎಳೆ ತುಂಬಿದರು. ಗುಂಡಿ ಒತ್ತಿದರು.

ಗುಡ್ಡ.

ಮಾಬೂಸಾಬ ದೇವರನ್ನು ನೆನೆದ. ಹೂಗಾರರು ನೆನೆಯಲು ಯಾರೂ ಇಲ್ಲದೆ ಮೇಜಿನ ಅಂಚನ್ನು ಹಿಡಿದುಕೊಂಡರು. ದಸರಾ ಬಾಗಿಲಲ್ಲೇ ನಿಂತಿತ್ತು. ಬೈಯಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, “ಭಾಗೀರಥಿ, ಹೋದ ವರ್ಷಕ್ಕೂ ಇವತ್ತಿಗೂ ಏನು ಫರಕು? ತಪ್ಪೋ ಸರಿಯೋ, ಮನಸ್ಸಿಗೆ ಬಂದದ್ದು ಹೇಳು,” ಎಂದರು. ಅಂಥ ಪ್ರಶ್ನೆಯನ್ನು ಅವರು ಆ ಕೋಣೆಯಲ್ಲಿ ಕೇಳಿದ್ದು ಅದೇ ಮೊದಲು.

ಭಾಗೀರಥಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಸರ್, ಆಗ ಹಚ್ಚಿದ ಮ್ಯಾಲ ನಡುವ ರಜೆ ಇತ್ತು. ರಜೆ ಮುಗಿಸಿ ಬಂದು ತುಂಬಿದ್ದು. ಸೀಸೆಯೊಳಗ ಅದು ಕರಗಿ, ಕಣಕ್ಕ ಹತ್ತಾಕ ಟೈಮ್ ಸಿಕ್ಕಿರಬೇಕು.”

ಹೂಗಾರರು ಅವಳನ್ನೇ ನೋಡಿದರು. ಸರಿಯಾದ ಮಾತು. ಇಂಥ ಮಾತಾಡಬಲ್ಲ ಹುಡುಗಿಯನ್ನು ಒಂದು ವರ್ಷ ಮೂಲೆಯಲ್ಲಿ ತಲೆ ತಗ್ಗಿಸಿ ಕೂರಿಸಿದ್ದರು.

ಸೀಸೆಯನ್ನು ಕಪಾಟಿನಲ್ಲಿ ಮುಚ್ಚಿಟ್ಟರು. ಕಾದರು. ಕಾಯುವುದು ಹೂಗಾರರಿಗೆ ಬರುತ್ತಿರಲಿಲ್ಲ. ಕಪಾಟಿನ ಹತ್ತಿರ ಹೋಗಿ, ಮರಳಿ ಬಂದು, ಮತ್ತೆ ಹೋಗಿ, ಆ ಎರಡು ದಿನಗಳಲ್ಲಿ ನೆಲ ಸವೆಸಿದರು. ಮೂರನೆಯ ದಿನ ತುಂಬಿದ ಎಳೆಗೆ ಮಾಬೂಸಾಬ ಗುಂಡಿ ಒತ್ತಿದ.

ಪರದೆಯ ತುಂಬ ಮುಳ್ಳು.

ಮಾಬೂಸಾಬ ಚಪ್ಪಾಳೆ ತಟ್ಟಿದ. ಭಾಗೀರಥಿ ಅಳತೊಡಗಿದಳು. ಹೂಗಾರರು ನಗಲಿಲ್ಲ. ಪಕ್ಕದಲ್ಲೇ ಅವರು ಗುಟ್ಟಾಗಿ ಇನ್ನೊಂದು ಸೀಸೆ ಇಟ್ಟಿದ್ದರು. ಅದಕ್ಕೆ ಕಾಯಿಯಿಲ್ಲ, ಊದಿನಕಡ್ಡಿಯಿಲ್ಲ, ಅರಿಶಿಣ ಮಾತ್ರ. ಅದರಿಂದ ತುಂಬಿದ ಎಳೆಯಲ್ಲೂ ಅಷ್ಟೇ ಚೂಪಾದ ಮುಳ್ಳು ಎದ್ದವು. ಹೂಗಾರರ ವಾದ ಉಳಿಯಿತು. ಮುಖ ಉಳಿಯಲಿಲ್ಲ.

“ಭಾಗೀರಥಿ,” ಎಂದರು ಕನ್ನಡಕ ಒರೆಸಿಕೊಳ್ಳುತ್ತ. “ನಿನ್ನ ಒಂದು ವರ್ಷ ನಾ ತಿಂದೆ. ತಪ್ಪು ನಂದು. ಈಗ ಒಂದು ಮೊಳ ತುಂಬು.”

*

ಖಂಡೇನವಮಿಯ ಹಿಂದಿನ ದಿನ ಆಪರೇಷನ್ ಆಯಿತು. ಹೂಗಾರರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಅವರ ಎಳೆ ಉರಿಯುತ್ತಿತ್ತು. ಅದು ಆರಿಹೋದರೆ? ಕಣ ಗಂಟುಕಟ್ಟಿದರೆ? ಒಂದು ಹೆಣ್ಣುಮಗಳ ಕುತ್ತಿಗೆಯ ಮೇಲೆ ಮತ್ತೆ ಆ ದರಿದ್ರ ಗುಡ್ಡ ಎದ್ದರೆ? ಸಂಜೆ ಡಾ. ದೇಸಾಯಿ ಹೊರಬಂದು, “ನರ ಬೆಳ್ಳಗ ಕಂಡತು ಸರ್. ಗಡ್ಡಿ ಪೂರಾ ತಗದೀನಿ. ದನಿ ಮಾತ್ರ ಅಕ್ಕೋರು ಮಾತಾಡಿದ ಮ್ಯಾಲs ಗೊತ್ತಾಗೂದು. ಎರಡು ದಿನ ಮಾತಾಡಸಬ್ಯಾಡ್ರಿ,” ಎಂದರು.

ಎರಡು ದಿನ ಹೂಗಾರರು ಹಾಸಿಗೆಯ ಪಕ್ಕದಲ್ಲಿ ಕೂತು ಪೇಪರ್ ಓದಿದಂತೆ ಮಾಡಿದರು. ಅಕ್ಕೋರು ಕೈಸನ್ನೆಯಲ್ಲಿ ನೀರು ಕೇಳಿದರೆ ಮೊದಲ ಸಲಕ್ಕೇ ಎದ್ದು ಕೊಟ್ಟರು. ಆ ಮೌನ ಅವರನ್ನು ತಿಂದುಹಾಕಿತು.

ದಸರೆಯ ದಿನ ಮಾಬೂಸಾಬ, ಭಾಗೀರಥಿ ಇಬ್ಬರೂ ಬನ್ನಿ ಎಲೆ ಹಿಡಿದು ಆಸ್ಪತ್ರೆಗೆ ಬಂದರು. ಊರಲ್ಲಿ ಅಂದು ಎಲ್ಲರೂ ಬನ್ನಿಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಡುತ್ತಾರೆ. ಹೂಗಾರರು ಹುಡುಗತನದ ನಂತರ ಬನ್ನಿ ಮುಟ್ಟಿರಲಿಲ್ಲ. ಈ ಸಲ ಭಾಗೀರಥಿ ಕೊಟ್ಟ ಎಲೆಗಳನ್ನು ಸುಮ್ಮನೆ ತೆಗೆದುಕೊಂಡು, ಅದರಲ್ಲಿ ಎರಡನ್ನು ಹೆಂಡತಿಯ ಅಂಗೈಯಲ್ಲಿ ಇಟ್ಟರು.

ಅಕ್ಕೋರು ಎಲೆ ನೋಡಿದರು, ಗಂಡನ ಮುಖ ನೋಡಿದರು. ಗಂಟಲಿನ ಪಟ್ಟಿಯ ಮೇಲೆ ಕೈ ಇಟ್ಟು ಉಸಿರು ತೆಗೆದುಕೊಂಡರು.

“ನನ್ನ ಅರಿಶಿಣ ಡಬ್ಬಿ ವಾಪಸ್ ತಂದ್ರೇನು?”

ದನಿ ಸಣ್ಣಗಿತ್ತು. ಒಡೆದಿರಲಿಲ್ಲ. ಒಂದೊಂದು ಅಕ್ಷರವೂ ಬಾಗಿಲ ತನಕ ಸ್ಪಷ್ಟವಾಗಿ ಹೋಯಿತು. ಭಾಗೀರಥಿ ಬಾಯಿಗೆ ಕೈ ಅಡ್ಡ ಹಿಡಿದಳು.

ಹೂಗಾರರು ಹಾಸಿಗೆಯ ಮೇಲಿದ್ದ ಪೇಪರನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

“ಏನಂದಿ?” ಎಂದರು.